ಮೂಳೆಯ ಕಾಡಿಗೆ ಕೊಳವೆ: ಆ ವೃತ್ತ, ಚುಕ್ಕಿ ಕೊರೆದದ್ದು ಹೇಗೆ?

ಪ್ರಶ್ನೆ: ನಾನು ಚನ್ನಪಟ್ಟಣದಲ್ಲಿ ಲೇತಿನ ಮೇಲೆ ಮರದ ಕೆಲಸ ಮಾಡುವವನು. ದೋಹಾದಲ್ಲಿರುವ ತಮ್ಮನ ಮನೆಗೆ ಹೋದಾಗ ಅಲ್ಲಿನ ವಸ್ತುಸಂಗ್ರಹಾಲಯವೊಂದರಲ್ಲಿ ಬೆರಳುದ್ದದ ಮೂಳೆ ಕೊಳವೆಯೊಂದನ್ನು ನೋಡಿದೆ. ‘ಕಾಡಿಗೆ ಡಬ್ಬಿ, ಈಜಿಪ್ಟ್ ಅಥವಾ ಸಿರಿಯಾ, 8ರಿಂದ 10ನೇ ಶತಮಾನ’ ಎಂದು ಬರೆದಿತ್ತು. ಮೈತುಂಬ ವೃತ್ತಗಳು, ಪ್ರತಿಯೊಂದರ ನಡುವೆ ಚುಕ್ಕಿ. ಅಷ್ಟು ಸಮನಾದ ವೃತ್ತಗಳನ್ನು ಆ ಕಾಲದಲ್ಲಿ ಹೇಗೆ ಕೊರೆದರು? ದಂತ ಬಿಟ್ಟು ಮೂಳೆಯನ್ನೇ ಯಾಕೆ ಹಿಡಿದರು? ಆ ವೃತ್ತಕ್ಕೆ ದೃಷ್ಟಿ ತೆಗೆಯುವ ಅರ್ಥವಿದೆ ಎನ್ನುತ್ತಾರೆ, ನಿಜವೆ? ಅಂಥದ್ದನ್ನು ನಾನೂ ಮಾಡಬಹುದೆ? ಅಲ್ಲಿನ ಮಾರುಕಟ್ಟೆಯಲ್ಲಿ ಅದೇ ತರಹದ್ದನ್ನು ಹಳೆಯದೆಂದು ಮಾರುತ್ತಿದ್ದರು. ಹಳೆಯದೋ ಹೊಸದೋ ಗುರುತಿಸುವುದು ಹೇಗೆ?

ಉತ್ತರ: ಮೊದಲು ವೃತ್ತದ ವಿಷಯ ನೋಡೋಣ, ಉಳಿದ ಪ್ರಶ್ನೆಗಳು ಅದರಿಂದಲೇ ಬಿಚ್ಚಿಕೊಳ್ಳುತ್ತವೆ. ಆ ವೃತ್ತಗಳು ಕೈಯಲ್ಲಿ ಬರೆದವಲ್ಲ, ಕೈವಾರದಲ್ಲಿ ಒಂದೊಂದಾಗಿ ಎಳೆದವೂ ಅಲ್ಲ. ಬೈರಿಗೆಯ ತುದಿಗೆ ಸಿಕ್ಕಿಸಿದ ಒಂದು ಚಪ್ಪಟೆ ಕಬ್ಬಿಣದ ಅಲಗಿನ ಕೆಲಸ ಅದು. ಅಲಗಿನ ತುದಿಯನ್ನು ಅರದಿಂದ ಉಜ್ಜಿ ಮೂರು ಹಲ್ಲು ಬಿಡಿಸುತ್ತಾರೆ. ನಡುವಿನದು ಸ್ವಲ್ಪ ಉದ್ದ, ಅಕ್ಕಪಕ್ಕದ ಎರಡು ಸ್ವಲ್ಪ ಗಿಡ್ಡ. ನಡುವಿನ ಹಲ್ಲು ಮೂಳೆಯಲ್ಲಿ ನೆಟ್ಟುಕೊಂಡು ಚುಕ್ಕಿಯಾಗುತ್ತದೆ, ಪಕ್ಕದವು ಅದರ ಸುತ್ತ ತಿರುಗಿ ವೃತ್ತ ಕೊರೆಯುತ್ತವೆ. ಬೈರಿಗೆಗೆ ಬಿಲ್ಲಿನ ದಾರ ಸುತ್ತಿ, ಬಿಲ್ಲನ್ನು ನಾಲ್ಕೈದು ಸಲ ಹಿಂದೆ ಮುಂದೆ ಎಳೆದರೆ ಒಂದು ವೃತ್ತ ಮುಗಿಯುತ್ತದೆ. ಅಳತೆ ಅಲಗಿನಲ್ಲೇ ಇರುವುದರಿಂದ ನೂರು ವೃತ್ತ ಕೊರೆದರೂ ನೂರೂ ಒಂದೇ ವ್ಯಾಸ. ನಿಮಗೆ ಕಂಡ ಸಮತೆ ಕೈಚಳಕದ್ದಲ್ಲ, ಹತಾರದ್ದು. ಕೈಚಳಕ ಬೇಕಾಗುವುದು ಅವುಗಳನ್ನು ಸಾಲಾಗಿ ಕೂರಿಸುವುದಕ್ಕೆ.

ಚುಕ್ಕಿಯ ಸುತ್ತ ಎರಡು ವೃತ್ತಗಳಿರುವ ಕೊಳವೆಗಳೂ ಇವೆ. ಐದು ಹಲ್ಲಿನ ಅಲಗಾದರೆ ಎರಡೂ ವೃತ್ತ ಒಂದೇ ಪಟ್ಟಿಗೆ ಬೀಳುತ್ತವೆ, ನಡುವಿನ ಅಂತರ ಎಲ್ಲ ಕಡೆಯೂ ಒಂದೇ. ಸಣ್ಣದನ್ನು ಒಂದು ಅಲಗಿನಿಂದ, ದೊಡ್ಡದನ್ನು ಇನ್ನೊಂದರಿಂದ ಕೊರೆದಿದ್ದರೆ ಎರಡನೆಯ ಸಲ ನಡುಹಲ್ಲು ಅದೇ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಆಗ ಹೊರವೃತ್ತ ಒಂದು ಬದಿಗೆ ಜರುಗಿರುತ್ತದೆ, ಚುಕ್ಕಿಯೂ ಅಗಲವಾಗಿ ಮೊಂಡಾಗಿರುತ್ತದೆ. ಭೂತಗನ್ನಡಿ ಹಿಡಿದರೆ ಇದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇಡೀ ಕೊಳವೆಯ ವೃತ್ತಗಳನ್ನು ಅಳೆದರೆ ಕುಶಲಕರ್ಮಿ ಎಷ್ಟು ಅಲಗು ಬಳಸಿದ ಎಂಬುದೂ ಸಿಗುತ್ತದೆ. ಸಾಮಾನ್ಯ ಕೊಳವೆಗಳಲ್ಲಿ ಒಂದು ಅಥವಾ ಎರಡು, ಅಷ್ಟೆ.

ಈಗ ಲೇತಿನವರಾದ ನಿಮಗೆ ರುಚಿಸುವ ವಿಷಯ. ಅಲಗು ಚಪ್ಪಟೆ ಮೇಲ್ಮೈಯಲ್ಲಿ ಚೆನ್ನಾಗಿ ಕೊರೆಯುತ್ತದೆ, ಕೊಳವೆ ಮಾತ್ರ ಗುಂಡಗಿದೆ. 12 ಮಿ.ಮೀ. ವ್ಯಾಸದ ಕೊಳವೆಯ ಮೇಲೆ 6 ಮಿ.ಮೀ. ವೃತ್ತ ಕೊರೆಯಲು ಹೊರಟಿರಿ ಎನ್ನಿ. ಕೊಳವೆಯ ಉದ್ದದ ದಿಕ್ಕಿನಲ್ಲಿ ಮೇಲ್ಮೈ ಇಳಿಯುವುದೇ ಇಲ್ಲ. ಅಡ್ಡ ದಿಕ್ಕಿನಲ್ಲಿ ಮಾತ್ರ ನಡುವಿನಿಂದ 3 ಮಿ.ಮೀ. ಆಚೆ ಹೋಗುವಷ್ಟರಲ್ಲಿ 0.8 ಮಿ.ಮೀ. ಕೆಳಗಿಳಿದಿರುತ್ತದೆ. ವೃತ್ತದ ಮೇಲ್ತುದಿ, ಕೆಳತುದಿಗಳಲ್ಲಿ ಹಲ್ಲು ಅರ್ಧ ಮಿ.ಮೀ. ಆಳ ಕೊರೆದಿದ್ದರೂ ಎಡಬಲಗಳಲ್ಲಿ ಮೂಳೆಯನ್ನು ಮುಟ್ಟಿರುವುದೇ ಇಲ್ಲ. ವೃತ್ತದ ಬದಲು ಎದುರುಬದುರು ಎರಡು ಕಮಾನುಗಳು ಉಳಿಯುತ್ತವೆ. ಮುಟ್ಟಿಸಲೇಬೇಕೆಂದು ಒತ್ತಿದರೆ ಮುಂದೆ ಹೋದ ನಡುಹಲ್ಲು ಕೊಳವೆಯ ಗೋಡೆಯನ್ನೇ ತೂತು ಮಾಡುತ್ತದೆ. ಕುರಿಯ ಮೂಳೆಯಲ್ಲಿ ಗೋಡೆ ಇರುವುದೇ ಎರಡು, ಎರಡೂವರೆ ಮಿ.ಮೀ. ದಪ್ಪ. ಅದೇ ವೃತ್ತವನ್ನು 4 ಮಿ.ಮೀ.ಗೆ ಇಳಿಸಿದರೆ ಇಳಿತ 0.34 ಮಿ.ಮೀ., 3 ಮಿ.ಮೀ.ಗೆ ಇಳಿಸಿದರೆ 0.2ಕ್ಕೂ ಕಡಿಮೆ. ತೆಳ್ಳಗಿನ ಕೊಳವೆಗಳ ಮೇಲೆ ಪುಟ್ಟ ವೃತ್ತಗಳು ಗುಂಪಾಗಿ ಕೂತಿರುವುದಕ್ಕೆ ಕಾರಣ ಅಭಿರುಚಿಗಿಂತ ಹೆಚ್ಚಾಗಿ ಈ ಲೆಕ್ಕ. ಅದೇ ಕಾರ್ಯಾಗಾರದ ಚಪ್ಪಟೆ ಬಿಲ್ಲೆಗಳಲ್ಲಿ, ಬಾಚಣಿಗೆಗಳಲ್ಲಿ ವೃತ್ತ ದೊಡ್ಡದಾಗುತ್ತದೆ, ಒಂದರೊಳಗೊಂದು ಮೂರೂ ಆಗುತ್ತದೆ.

ಮ್ಯೂಸಿಯಂನಲ್ಲಿ ಮತ್ತೊಮ್ಮೆ ಅಂಥ ಕೊಳವೆ ಸಿಕ್ಕರೆ ವೃತ್ತದ ಎಡಬಲ ಬದಿಗಳನ್ನು ಗಮನಿಸಿ. ಮೇಲೆ ಕೆಳಗೆ ಆಳವಾಗಿ, ಪಕ್ಕಗಳಲ್ಲಿ ತೆಳುವಾಗಿ ಸವೆದಂತೆ ಕಂಡರೆ ಅದು ಸವಕಳಿಯಲ್ಲ, ಹುಟ್ಟಿನಿಂದಲೇ ಹಾಗೆ. ಜಾಣ ಕೆಲಸಗಾರ ಬೈರಿಗೆಯನ್ನು ಎಡಬಲಕ್ಕೆ ತುಸು ವಾಲಿಸಿ ಆ ಬದಿಗಳನ್ನೂ ಮುಟ್ಟಿಸುತ್ತಿದ್ದ. ಆಗ ನಡುಚುಕ್ಕಿ ಗುಂಡಗಿರದೆ ಅಡ್ಡಕ್ಕೆ ಮೊಟ್ಟೆಯಾಕಾರ ತಳೆದಿರುತ್ತದೆ.

ಇನ್ನು ಮೂಳೆ. ಈ ವಸ್ತುಗಳನ್ನು ನೋಡುವವರೆಲ್ಲ ಮೊದಲು ಚಿತ್ತಾರ ನೋಡುತ್ತಾರೆ, ಆಮೇಲೆ ಮೂಳೆ. ಕ್ರಮ ತಿರುವುಮುರುವಾಗಬೇಕು. ಆಕಾರ, ಗಾತ್ರ, ಚಿತ್ತಾರ ಎಲ್ಲಿ ಕೂತಿದೆ, ಎಲ್ಲಿ ಖಾಲಿ ಬಿಟ್ಟಿದೆ ಎಂಬುದನ್ನೆಲ್ಲ ಮೂಳೆಯೇ ನಿರ್ಧರಿಸಿರುತ್ತದೆ. ಕೊಳವೆಗೆ ಒದಗುವುದು ಕುರಿ, ಮೇಕೆ, ದನ, ಒಂಟೆಗಳ ಕಾಲಿನ ಉದ್ದ ಮೂಳೆಗಳು. ಪ್ರಕೃತಿಯೇ ಟೊಳ್ಳು ಮಾಡಿಟ್ಟಿದೆ, ಮಜ್ಜೆ ತೆಗೆದರೆ ಡಬ್ಬಿ ಅರ್ಧ ತಯಾರು. ಗೊರಸಿನ ಮೇಲಿನ ಮೂಳೆ ಇವುಗಳಲ್ಲಿ ಉತ್ತಮ, ಏಕೆಂದರೆ ಅದು ನೇರ ಮತ್ತು ಗಟ್ಟಿ. ಭ್ರೂಣದಲ್ಲಿ ಎರಡು ಮೂಳೆಗಳಾಗಿದ್ದು ಬೆಸೆದುಕೊಂಡದ್ದರಿಂದ ಅದರ ಮೈಮೇಲೆ ಉದ್ದಕ್ಕೆ ಒಂದು ತೆಳು ಕಾಲುವೆ, ಒಳಗೆ ಕೆಲವೊಮ್ಮೆ ಒಂದು ತೆಳು ಗೋಡೆಯ ಅವಶೇಷ ಉಳಿದಿರುತ್ತದೆ. ಈ ಕಾಲುವೆ ಕಂಡರೆ ಯಾವ ಮೂಳೆ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಮೊಣಕಾಲಿನ ಕೆಳಗಿನ ಮೂಳೆಯಾದರೆ ಮೇಲ್ತುದಿ ಮುಕ್ಕೋನ, ಕೆಳಗಿಳಿದಂತೆ ಗುಂಡಗಾಗುತ್ತದೆ. ಮೂರು ಪಟ್ಟೆಗಳಾಗಿ ಚಿತ್ತಾರ ಹಂಚಿರುವ ಕೊಳವೆ ಕಂಡರೆ ಮೊದಲು ಈ ಮೂಳೆಯನ್ನೇ ಅನುಮಾನಿಸಬೇಕು.

ಕುರಿಯ ಹಿಂಗಾಲಿನ ಗೊರಸಿನ ಮೇಲಿನ ಮೂಳೆಯ ಎರಡೂ ತುದಿ ಕತ್ತರಿಸಿದರೆ ಸುಮಾರು 7–8 ಸೆಂ.ಮೀ. ನೇರ ಕೊಳವೆ ಉಳಿಯುತ್ತದೆ. ಒಳಗಿನ ಟೊಳ್ಳು 7 ಮಿ.ಮೀ. ಇದ್ದರೆ ಹಿಡಿಸುವುದು ಎರಡೂವರೆ ಮಿ.ಲೀ. ಆಸುಪಾಸು. ಕಾಡಿಗೆಪುಡಿಗೆ ಅಷ್ಟು ಸಾಕು. ಅದು ನಮ್ಮ ಹರಳೆಣ್ಣೆ ದೀಪದ ಕಾಡಿಗೆಯಂತೆ ಜಿಡ್ಡಿನದಲ್ಲ, ನುಣ್ಣಗೆ ಅರೆದ ಒಣ ಪುಡಿ: ಸೀಸದ ಅದಿರಾದ ಗಲೀನಾ ಅಥವಾ ಆಂಟಿಮನಿಯ ಅದಿರಾದ ಸ್ಟಿಬ್ನೈಟ್, ಕೆಲವೊಮ್ಮೆ ಮಸಿ. ನಮ್ಮಲ್ಲಿ ಮುಸ್ಲಿಮರ ಮನೆಗಳಲ್ಲಿ ಬಳಸುವ ಸುರ್ಮಾ ಈ ಜಾತಿಯದೇ. ಕಂಚಿನ ಅಥವಾ ಮೂಳೆಯ ಕಡ್ಡಿಯನ್ನು ಕೊಳವೆಗೆ ಇಳಿಸಿ ತೆಗೆದು ರೆಪ್ಪೆಯಂಚಿಗೆ ಎಳೆಯುತ್ತಿದ್ದರು. ಬಾಯಿ ಕಿರಿದಾಗಿದ್ದರೆ ಕಡ್ಡಿ ಹೊರಬರುವಾಗ ಹೆಚ್ಚಾದ ಪುಡಿ ಅಂಚಿಗೆ ತಾಗಿ ಒಳಗೇ ಉದುರುತ್ತದೆ, ಉರುಳಿ ಬಿದ್ದರೂ ಬೇಗ ಚೆಲ್ಲುವುದಿಲ್ಲ. ಬುಡಕ್ಕೆ ಮರ ಅಥವಾ ಮೂಳೆಯ ಬೆಣೆ, ಬಾಯಿಗೆ ಬಿರಡೆ. ಬಹುಪಾಲು ಕೊಳವೆಗಳಲ್ಲಿ ಇವೆರಡೂ ಕಳೆದುಹೋಗಿವೆ. ಹಾಗಾಗಿ ಎರಡೂ ಕಡೆ ತೆರೆದ ಕೊಳವೆಯನ್ನು ಮಣಿ ಎಂದೋ ಹಿಡಿಕೆ ಎಂದೋ ತಪ್ಪಾಗಿ ಗುರುತಿಸುವುದುಂಟು. ಒಳಗೋಡೆಯಲ್ಲಿ ಕಪ್ಪು ಹೊಳಪಿದ್ದು ಬಾಯಂಚಿನ ಒಳಬದಿ ಒಂದು ಕಡೆ ನುಣುಪಾಗಿ ಸವೆದಿದ್ದರೆ ಅಲ್ಲಿ ಕಡ್ಡಿ ಆಡಿದೆ.

ದಪ್ಪ ಗೋಡೆಯ ದನದ ಅಥವಾ ಒಂಟೆಯ ಮೂಳೆ ಸಿಕ್ಕಿದರೆ ಮತ್ತೊಂದು ಜಾತಿಯ ಡಬ್ಬಿ ಮಾಡುತ್ತಿದ್ದರು: ಲೇತಿನಲ್ಲಿ ತಿರುವಿದ ಪುಟ್ಟ ಸೀಸೆ, ಕುತ್ತಿಗೆ, ಹೊಟ್ಟೆ, ಪಾದ ಎಲ್ಲ ಇರುವಂಥದ್ದು. ಬಿಲ್ಲಿನ ಲೇತು ಹಿಂದೆ ಮುಂದೆ ತಿರುಗುವುದರಿಂದ ಉಳಿ ಒಂದು ದಿಕ್ಕಿನಲ್ಲಿ ಮಾತ್ರ ಕತ್ತರಿಸುತ್ತದೆ, ವಾಪಸು ಬರುವಾಗ ಉಳಿಯನ್ನು ಸಡಿಲಿಸಬೇಕು. ಇಂಥ ಸೀಸೆಯನ್ನು ಬುಡದಿಂದ ನೋಡಿದರೆ ಹೊರಮೈ ಅಚ್ಚುಕಟ್ಟು ವೃತ್ತ, ಒಳಗಿನ ಟೊಳ್ಳು ಮಾತ್ರ ಸೊಟ್ಟ. ಒಂದು ಕಡೆ ಗೋಡೆ 5 ಮಿ.ಮೀ., ಎದುರು ಕಡೆ 2. ಮೂಳೆಯ ಟೊಳ್ಳು ಎಂದೂ ನಟ್ಟನಡುವೆ ಇರುವುದಿಲ್ಲ, ಲೇತು ಹೊರಮೈಯನ್ನಷ್ಟೇ ತಿದ್ದುತ್ತದೆ.

ದಂತ ಬಿಟ್ಟು ಮೂಳೆ ಯಾಕೆಂದರೆ, ಬೆಲೆ. ದಂತ ದೂರದಿಂದ ಬರಬೇಕು, ಮೂಳೆ ಊರಿನ ಕಸಾಯಿಖಾನೆಯಲ್ಲೇ ಸಿಗುತ್ತದೆ. 10ನೇ ಶತಮಾನದ ಬರಹಗಾರ ಅಲ್-ಮಸೂದಿ ಇದಕ್ಕೆ ನಮಗೂ ಸಂಬಂಧಿಸಿದ ಕಾರಣವೊಂದನ್ನು ಕೊಟ್ಟಿದ್ದಾನೆ. ಪೂರ್ವ ಆಫ್ರಿಕದ ಆನೆದಂತ ಒಮಾನಿಗೆ ಬಂದು ಅಲ್ಲಿಂದ ಭಾರತಕ್ಕೂ ಚೀನಾಕ್ಕೂ ಹೋಗಿಬಿಡುತ್ತದೆ, ಇಲ್ಲವಾದರೆ ಮುಸ್ಲಿಂ ನಾಡುಗಳಲ್ಲಿ ದಂತ ಹೇರಳವಾಗಿರುತ್ತಿತ್ತು ಎನ್ನುತ್ತಾನೆ. ಭಾರತದಲ್ಲಿ ಅದು ಕಠಾರಿಯ ಹಿಡಿಗೂ ಚದುರಂಗದ ಕಾಯಿಗಳಿಗೂ ಖರ್ಚಾಗುತ್ತದಂತೆ. ದಂತವಿದ್ದದ್ದು ಅರಮನೆಗಳಿಗೆ. ಸ್ಪೇನಿನ ಕಾರ್ಡೊಬಾದ ಉಮಯ್ಯದ್ ಅರಸುಮನೆತನದ ಆಸ್ಥಾನಕ್ಕಾಗಿ ಮಾಡಿದ ಗುಮ್ಮಟದ ಮುಚ್ಚಳದ ದಂತದ ಭರಣಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಖಲೀಫ ಎರಡನೇ ಅಲ್-ಹಕಮ್ 964ರಲ್ಲಿ ತನ್ನ ಪ್ರಿಯೆ ಸುಭ್‌ಗಾಗಿ ಮಾಡಿಸಿದ ಭರಣಿ ಈಗ ಮ್ಯಾಡ್ರಿಡ್‌ನಲ್ಲಿದೆ. 968ರ, ಅಲ್-ಹಕಮನ ತಮ್ಮ ಅಲ್-ಮುಘೀರಾನ ಭರಣಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಯಲ್ಲಿರುವ ಮತ್ತೊಂದರ ಮೇಲೆ ಖಲಫ್ ಎಂಬ ಕುಶಲಕರ್ಮಿಯ ಹೆಸರಿದೆ. ತಾನು ಕಸ್ತೂರಿ, ಕರ್ಪೂರ, ಅಂಬರಗಳ ಪಾತ್ರೆ ಎಂದು ಆ ಭರಣಿಯ ಬರಹವೇ ಹೇಳಿಕೊಳ್ಳುತ್ತದೆ. ಈ ಭರಣಿಗಳು ದುಂಡಗಿರುವುದಕ್ಕೂ ಕಾರಣ ವಸ್ತುವೇ. ದಂತವನ್ನು ಅಡ್ಡ ಕೊಯ್ದರೆ ಸಿಗುವುದು ದುಂಡು, ಬುಡದ ಕಡೆ ಅದೂ ಟೊಳ್ಳು.

ಮೂಳೆಯಲ್ಲಿ ಆ ಗಾತ್ರದ ಭರಣಿ ಮಾಡಲಾಗದು. ದನದ ಕಾಲಿನಿಂದ ಸಿಗುವ ಚಪ್ಪಟೆ ಹಲಗೆ ಮೂರು ನಾಲ್ಕು ಸೆಂ.ಮೀ. ಅಗಲ ದಾಟುವುದು ಕಷ್ಟ. ಆದ್ದರಿಂದ ದೊಡ್ಡ ಪೆಟ್ಟಿಗೆ ಬೇಕಾದಾಗ ಒಳಗೆ ಮರ, ಹೊರಗೆ ಮೂಳೆಯ ಸಣ್ಣ ಪಟ್ಟಿಗಳನ್ನು ಮರವಜ್ರದಲ್ಲಿ (ಬಡಗಿಗಳ ಅಂಟು) ಅಂಟಿಸಿ ಪುಟ್ಟ ಮೊಳೆಗಳಿಂದ ಬಿಗಿಯುತ್ತಿದ್ದರು. ಈಜಿಪ್ಟಿನ ಹಳೆಯ ರಾಜಧಾನಿ ಫುಸ್ತಾತ್‌ನಲ್ಲಿ ಸಿಕ್ಕ ಕೆತ್ತನೆಯ ಮೂಳೆಪಟ್ಟಿಗಳಲ್ಲಿ ಎಷ್ಟೋ ಹೀಗೆ ಪೆಟ್ಟಿಗೆಯ ಮೈಯಿಂದ ಕಳಚಿದವು. ಕೊಳವೆಗಳಿಗಿಂತ ಇವುಗಳ ಕೆತ್ತನೆ ಎಷ್ಟೋ ಶ್ರೀಮಂತ. 9ನೇ ಶತಮಾನದಲ್ಲಿ ಇರಾಕಿನ ಸಮರ್ರಾದಲ್ಲಿ ಬೆಳೆದ ಓರೆಕೆತ್ತನೆ, ಅಂದರೆ ಅಂಚುಗಳನ್ನು ನೇರ ಕಡಿಯದೆ ಇಳಿಜಾರಾಗಿ ಸವರಿ ಒಂದು ಎಲೆ ಇನ್ನೊಂದರಲ್ಲಿ ಕರಗುವಂತೆ ಮಾಡುವ ಶೈಲಿ, ಈಜಿಪ್ಟಿನ ದೊರೆ ಇಬ್ನ್ ತುಲೂನ್ ಕಾಲಕ್ಕೆ ಅಲ್ಲಿಗೆ ತಲುಪಿತು. ಕೈರೋದಲ್ಲಿ 876–879ರಲ್ಲಿ ಕಟ್ಟಿದ ಅವನ ಮಸೀದಿಯ ಗಾರೆ, ಮರಗಳಲ್ಲಿರುವ ಅದೇ ಇಳಿಜಾರು ಮೂಳೆಯ ಮೇಲೂ ಇದೆ. ಫಾತಿಮಿ ಅರಸುಮನೆತನದ ಕಾಲದಲ್ಲಿ (ಈಜಿಪ್ಟಿನಲ್ಲಿ 969–1171) ಮೊಲ, ಹಕ್ಕಿ, ಬೇಟೆಗಾರ, ವಾದ್ಯಗಾರರು ಬಳ್ಳಿಗಳ ನಡುವೆ ಬರುತ್ತಾರೆ. ಕೂಫಿ ಎಂಬ ಕೋನಾಕಾರದ ಅರಬ್ಬಿ ಲಿಪಿಯಲ್ಲಿ ‘ಬರಕಾ’ (ದೇವರ ಕೃಪೆ) ಎಂಬ ಹಾರೈಕೆ ಮರಳಿ ಮರಳಿ ಕಾಣುತ್ತದೆ. ಕೂಫಿಯ ನೆಟ್ಟನೆ ಗೆರೆಗಳು ಮೂಳೆಗೆ ಒಗ್ಗುತ್ತವೆ. ಮೂಳೆಗೂ ಮರದಂತೆ ಉದ್ದಕ್ಕೆ ಎಳೆ ಇದೆ, ಬಾಗಿದ ಗೆರೆ ಎಳೆಗೆ ಅಡ್ಡ ಬಂದಲ್ಲೆಲ್ಲ ಅಂಚು ಒಡೆಯುವ ಭಯ.

ಇಷ್ಟೆಲ್ಲ ಹೇಳಿದ್ದು ಒಂದು ತಪ್ಪು ಕಲ್ಪನೆ ಬಿಡಿಸುವುದಕ್ಕೆ. ವೃತ್ತ-ಚುಕ್ಕಿ ಇಸ್ಲಾಮೀ ಚಿತ್ತಾರವೇನಲ್ಲ. ರೋಮನ್ನರ ಮೂಳೆ ದಾಳಗಳ ಮೇಲೆ, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಬಾಚಣಿಗೆಗಳ ಮೇಲೆ, ಯುರೋಪಿನ ಕಬ್ಬಿಣಯುಗದ ವಸ್ತುಗಳ ಮೇಲೆ, ಇತ್ತೀಚಿನ ಹಳ್ಳಿಗೆಲಸದ ಮೇಲೂ ಅದೇ ಇದೆ. ಅಲೆಕ್ಸಾಂಡ್ರಿಯಾದ ಕೋಮ್ ಅಲ್-ದಿಕ್ಕಾದಲ್ಲಿ ಮೂಳೆ ಕೆತ್ತುವ ಕಾರ್ಯಾಗಾರಗಳು ಅರಬರು ಬರುವುದಕ್ಕೂ ಮೊದಲೇ ಇದ್ದವು. ಆಳುವವರು ಬದಲಾದರೂ ಅಲಗು, ಬಿಲ್ಲು, ಮೂಳೆ ಬದಲಾಗಲಿಲ್ಲ. ಕೊಳ್ಳುವವರಲ್ಲೂ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಎಲ್ಲರೂ ಇದ್ದರು, ಕಾಡಿಗೆ ಎಲ್ಲರಿಗೂ ಬೇಕು. ದೃಷ್ಟಿ ತೆಗೆಯುವ ಕಣ್ಣು ಎಂಬ ವಿವರಣೆ ಕಾಡಿಗೆ ಡಬ್ಬಿಯ ಮೇಲೆ ಕಂಡಾಗ ಚೆನ್ನಾಗಿ ಹೊಂದುತ್ತದೆ, ನಿಜ. ಆದರೆ ಅದೇ ಚಿತ್ತಾರ ಚಾಕುವಿನ ಹಿಡಿಯ ಮೇಲೂ ದಾಳದ ಮೇಲೂ ಇದೆಯಲ್ಲ? ದಾಳದ ಮೇಲೆ ಅದು ಬರೀ ಅಂಕಿ. ಹಕ್ಕಿ, ಪ್ರಾಣಿ ಕೊರೆದಲ್ಲಿ ಅದೇ ಅಲಗಿನಿಂದ ಕಣ್ಣು ಮಾಡಿದ್ದುಂಟು, ಅಲ್ಲಿ ಅದು ಕಣ್ಣೇ. ಉಳಿದ ಕಡೆ, ಕಡಿಮೆ ಶ್ರಮಕ್ಕೆ ಹೆಚ್ಚು ತುಂಬುವ ಚಿತ್ತಾರ ಎನ್ನುವುದೇ ನಮ್ಮ ಪ್ರಕಾರ ಗಟ್ಟಿ ಉತ್ತರ.

ಇದೇ ಕಾರಣಕ್ಕೆ ವೃತ್ತ-ಚುಕ್ಕಿ ನೋಡಿ ಕಾಲ ಹೇಳಲು ಬರುವುದಿಲ್ಲ. ನೀವು ಓದಿದ ಫಲಕ ‘ಈಜಿಪ್ಟ್ ಅಥವಾ ಸಿರಿಯಾ’ ಎಂದೂ ಮುನ್ನೂರು ವರ್ಷಗಳ ವ್ಯಾಪ್ತಿಯನ್ನೂ ಕೊಟ್ಟದ್ದು ಸೋಮಾರಿತನದಿಂದಲ್ಲ, ಪ್ರಾಮಾಣಿಕತೆಯಿಂದ. ಫುಸ್ತಾತ್ ಸ್ಥಾಪನೆಯಾದದ್ದು 641ರ ಸುಮಾರಿಗೆ. 1168ರಲ್ಲಿ ಯುರೋಪಿನ ಕ್ರೈಸ್ತ ಧರ್ಮಯೋಧರ (ಕ್ರುಸೇಡರ್) ಸೈನ್ಯ ಬರುತ್ತಿದೆ ಎಂದು ವಜೀರ್ ಶಾವರ್ ಅದಕ್ಕೆ ಬೆಂಕಿ ಇಡಿಸಿದನೆನ್ನುತ್ತಾರೆ. ಆಮೇಲೆ ಅಲ್ಲಿನ ಎಷ್ಟೋ ಭಾಗ ಕಸದ ದಿಬ್ಬವಾಯಿತು. 19ನೇ ಶತಮಾನದಲ್ಲಿ ಹೊಲಕ್ಕೆ ಗೊಬ್ಬರವೆಂದು ರೈತರು ಈ ದಿಬ್ಬಗಳ ಮಣ್ಣು ಅಗೆದರು. ಅಲ್ಲಿ ಸಿಕ್ಕ ಮೂಳೆ, ಗಾಜು, ಬಟ್ಟೆ ಚೂರುಗಳು ವ್ಯಾಪಾರಿಗಳ ಕೈಸೇರಿ ಜಗತ್ತಿನ ಮ್ಯೂಸಿಯಂಗಳಿಗೆ ಹಂಚಿಹೋದವು. ಯಾವ ಪದರದಲ್ಲಿ ಸಿಕ್ಕಿತೆಂಬ ಮಾಹಿತಿ ಅಲ್ಲಿಗೇ ಅಳಿಯಿತು. ಕ್ರಮಬದ್ಧ ಉತ್ಖನನದಲ್ಲಿ ಸಿಕ್ಕವುಗಳ ಮಾತು ಬೇರೆ. ಇರಾನಿನ ನಿಶಾಪುರದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1930ರ ದಶಕದ ಉತ್ತರಾರ್ಧದಿಂದ ಅಗೆತ ನಡೆಸಿತ್ತು. 1221ರ ಮಂಗೋಲರ ದಾಳಿ ಅಲ್ಲಿನ ವಸ್ತುಗಳ ಕಾಲಕ್ಕೆ ಒಂದು ಮೇಲ್ಮಿತಿಯನ್ನೂ ಹಾಕಿಕೊಡುತ್ತದೆ.

ಮಾಡಿ ನೋಡುವುದಾದರೆ, ಖಂಡಿತ ಮಾಡಿ. ಮಾಂಸದಂಗಡಿಯಲ್ಲಿ ನಲ್ಲಿ ಮೂಳೆ ಕೇಳಬೇಡಿ, ಸೂಪಿಗೆ ಮಾರುವ ಕುರಿಕಾಲು ಕೇಳಿ. ಗೊರಸಿನ ಮೇಲಿನ ಮೂಳೆ ಇರುವುದು ಅದರಲ್ಲಿ. ಸುಡದ ಕಾಲೇ ಬೇಕೆಂದು ಹೇಳಿ. ರೋಮ ತೆಗೆಯಲು ಬೆಂಕಿಗೆ ಹಿಡಿದ ಕಾಲಿನ ಮೂಳೆಯಲ್ಲಿ ಕಣ್ಣಿಗೆ ಕಾಣದ ಸೀಳುಗಳಿದ್ದು ಲೇತಿಗೆ ಹಾಕಿದಾಗ ಬಾಯಿ ಬಿಡುತ್ತವೆ. ತೀರ ಎಳೆಯ ಕುರಿಯದೂ ಬೇಡ, ಅದರ ಗೋಡೆ ತೆಳು, ರಂಧ್ರ ಜಾಸ್ತಿ.

ಮಾಂಸ ಕೆರೆದು ಎರಡೂ ತುದಿಯ ಗಂಟುಗಳನ್ನು ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು, ತಂತಿಯಿಂದ ಮಜ್ಜೆ ತೆಗೆಯಿರಿ. ತುದಿಗೆ ಹತ್ತಿರವಾದಷ್ಟೂ ಒಳಗೆ ಜಾಳುಜಾಳಾದ ಮೂಳೆ ಇರುತ್ತದೆ, ಗಟ್ಟಿ ಗೋಡೆ ಸಿಗುವವರೆಗೆ ಕೊಯ್ಯಿರಿ. ಆಮೇಲೆ ಜಿಡ್ಡು ತೆಗೆಯುವ ಕೆಲಸ. ಬಹಳ ಮಂದಿ ಕೆಡಿಸುವುದು ಇಲ್ಲೇ. ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಮೂಳೆಯ ಅಂಟಿನ ಭಾಗ, ಅಂದರೆ ಕೊಲಾಜೆನ್, ಕರಗಿ ನೀರಿಗಿಳಿಯುತ್ತದೆ. ಉಳಿದದ್ದು ಸುಣ್ಣದಂತೆ ಪುಡಿಪುಡಿ, ಅಲಗು ಇಟ್ಟರೆ ಅಂಚು ಉದುರುತ್ತದೆ. ನೀರು ಕುದಿಯದೆ ಬರೀ ಹಬೆಯಾಡುವಷ್ಟು ಬಿಸಿಯಲ್ಲಿ ಒಂದೆರಡು ಗಂಟೆ ಇಟ್ಟು, ನೀರು ಬದಲಿಸಿ, ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ವಾರ ನೆನೆಹಾಕಿ, ದಿನವೂ ನೀರು ಬದಲಿಸುತ್ತಿರಿ. ನೀರಿನ ಮೇಲೆ ಎಣ್ಣೆಯ ಪದರ ಬರುವುದು ನಿಂತ ಮೇಲೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒಂದು ದಿನ. ಬಟ್ಟೆಗೆ ಹಾಕುವ ಬ್ಲೀಚ್ ಬೇಡ, ಅದೂ ಕೊಲಾಜೆನ್ ತಿನ್ನುತ್ತದೆ. ವಿನೆಗರ್, ನಿಂಬೆರಸವೂ ಬೇಡ, ಅವು ಖನಿಜವನ್ನು ಕರಗಿಸುತ್ತವೆ. ನೆರಳಲ್ಲಿ ಎರಡು ಮೂರು ವಾರ ಒಣಗಿಸಿ. ಬಿಸಿಲಿಗಿಟ್ಟರೆ ಉದ್ದಕ್ಕೆ ಸೀಳುತ್ತದೆ.

ಲೇತಿಗೆ ಏರಿಸಲು ಎರಡೂ ಬಾಯಿಗೆ ಮರದ ಬೆಣೆ ಕೂರಿಸಿ ಕೇಂದ್ರಗಳ ನಡುವೆ ಹಿಡಿಯಿರಿ. ಬೆಣೆ ಕೈಯಲ್ಲೇ ಒತ್ತಿ ಕೂರುವಷ್ಟಿರಲಿ, ಸುತ್ತಿಗೆ ಮುಟ್ಟಿಸಿದರೆ ಮೂಳೆ ಸೀಳುವುದು ಖಚಿತ. ಹಾಲೆಮರಕ್ಕೆ ಹಿಡಿಯುವ ಕೋನದಲ್ಲಿ ಉಳಿ ಹಿಡಿದರೆ ಮೂಳೆ ಕಚ್ಚಿ ಚಕ್ಕೆ ಏಳುತ್ತದೆ. ಇಲ್ಲಿ ಉಳಿ ಕತ್ತರಿಸಬಾರದು, ಕೆರೆಯಬೇಕು: ಅಲಗನ್ನು ನಡುಮಟ್ಟಕ್ಕೆ ಹಿಡಿದು ತುದಿ ತುಸು ಕೆಳಗೆ ಬಾಗಲಿ, ಒಂದು ಸಲಕ್ಕೆ 0.1–0.2 ಮಿ.ಮೀ. ಮೀರಬೇಡಿ. ಸುಟ್ಟ ಕೂದಲಿನ ವಾಸನೆ ಬಂದರೆ ವೇಗ ಹೆಚ್ಚಾಗಿದೆ ಅಥವಾ ಉಳಿ ಮೊಂಡಾಗಿದೆ. ಮೂಳೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಎನ್-95 ಮಾಸ್ಕ್ ಇಲ್ಲದೆ ಕೂರಬೇಡಿ. ಸಾಧ್ಯವಾದಲ್ಲೆಲ್ಲ ಮೂಳೆಯನ್ನು ಒದ್ದೆ ಮಾಡಿ ಉಜ್ಜಿ. ಪೂರ್ತಿ ಗುಂಡಗಾಗಬೇಕೆಂಬ ಹಟ ಬೇಡ. ಗೋಡೆ 2 ಮಿ.ಮೀ.ಗಿಂತ ತೆಳುವಾಗುವ ಮೊದಲು ನಿಲ್ಲಿಸಿ, ಹಿಂಬದಿಯ ಚಪ್ಪಟೆತನ, ಕಾಲುವೆ ಹಾಗೇ ಇರಲಿ. ಹಳೆಯ ಕೊಳವೆಗಳಲ್ಲೂ ಅವು ಉಳಿದಿವೆ.

ವೃತ್ತ ಕೊರೆಯುವುದಕ್ಕೆ ಮುಂಚೆ 600–800 ನಂಬರಿನ ಕಾಗದದವರೆಗೆ ಉಜ್ಜಿ ಒಪ್ಪ ಹಾಕಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಒಂದು ಕೈ ಬಳಿಯಿರಿ. ಮೂಳೆಯಲ್ಲಿ ರಕ್ತನಾಳಗಳ ಸೂಕ್ಷ್ಮ ರಂಧ್ರಗಳಿವೆ. ಅವನ್ನು ಮುಚ್ಚದೆ ವೃತ್ತಕ್ಕೆ ಕಪ್ಪು ತುಂಬಿದರೆ ಮಸಿ ಆ ರಂಧ್ರಗಳಿಗೂ ಇಳಿದು ಇಡೀ ಕೊಳವೆ ಕೊಳಕು ಬೂದಿಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗದು. ಈ ಅರಗಿನ ಉಪಾಯ ನಿಮ್ಮ ಅನುಕೂಲಕ್ಕೆ ಹೇಳಿದ್ದು, ಹಳಬರು ಹೀಗೇ ಮಾಡಿದರೆಂದಲ್ಲ.

ಅಲಗಿಗೆ 6 ಮಿ.ಮೀ. ಹಳೆಯ ಡ್ರಿಲ್ ಬಿಟ್ ಅಥವಾ ಚಪ್ಪಟೆ ಉಕ್ಕು ಸಾಕು. ಪಕ್ಕದ ಹಲ್ಲುಗಳ ತುದಿಯಿಂದ ತುದಿಗೆ 4 ಮಿ.ಮೀ. ಇರಲಿ, ನಡುಹಲ್ಲು ಅವಕ್ಕಿಂತ ಅರ್ಧ ಮಿ.ಮೀ. ಮಾತ್ರ ಮುಂದೆ. ಹೆಚ್ಚು ಮುಂದೆ ಬಿಟ್ಟರೆ ಗೋಡೆ ತೂತಾಗುತ್ತದೆ, ಕಡಿಮೆ ಬಿಟ್ಟರೆ ಅಲಗು ಹಿಡಿತ ಸಿಗದೆ ಜಾರಿ ಮೇಲ್ಮೈಯನ್ನು ಗೀರುತ್ತದೆ. ಕೊಳವೆಯ ಸುತ್ತ ಮೊದಲು ಲೇತಿನಲ್ಲೇ ತೆಳುಗೆರೆ ಎಳೆದುಕೊಳ್ಳಿ, ಚುಕ್ಕಿಗಳು ಆ ಗೆರೆಯ ಮೇಲೆ. 12 ಮಿ.ಮೀ. ಕೊಳವೆಯ ಸುತ್ತಳತೆ 37.7 ಮಿ.ಮೀ. 4 ಮಿ.ಮೀ. ವೃತ್ತ ಎಂಟು ಹಿಡಿಯುತ್ತವೆ, ಚುಕ್ಕಿಯಿಂದ ಚುಕ್ಕಿಗೆ 4.7 ಮಿ.ಮೀ. ಎಂಟೂ ಚುಕ್ಕಿ ಗುರುತಿಸಿಕೊಂಡ ನಂತರವೇ ಮೊದಲನೆಯ ವೃತ್ತ ಕೊರೆಯಿರಿ. ಕಣ್ಣಂದಾಜಿನಲ್ಲಿ ಹೋದರೆ ಕೊನೆಯ ವೃತ್ತಕ್ಕೆ ಜಾಗ ಸಾಲದೆ ಮೊದಲನೆಯದರ ಮೇಲೆ ಏರುತ್ತದೆ. ಹಳೆಯ ಕೊಳವೆಗಳನ್ನು ತಿರುಗಿಸಿ ನೋಡಿದರೆ ಈ ಇಕ್ಕಟ್ಟು ಸಿಕ್ಕೇ ಸಿಗುತ್ತದೆ. ಕೈ ಬೈರಿಗೆ ಅಥವಾ ಬಿಲ್ಲು ಬಳಸಿ, ವಿದ್ಯುತ್ ಡ್ರಿಲ್ ಆದರೆ ತೀರ ನಿಧಾನದ ವೇಗ. ತುಂಬುವುದಕ್ಕೆ ಎರಡು ಪಾಲು ಜೇನುಮೇಣ, ಒಂದು ಪಾಲು ರಾಳ ಕರಗಿಸಿ ದೀಪದ ಮಸಿ ಬೆರೆಸಿ, ಬೆಚ್ಚಗಿರುವಾಗ ಬೆರಳಿನಿಂದ ಒತ್ತಿ, ಆರಿದ ಮೇಲೆ ಮರದ ಚೂರಿನಿಂದ ಕೆರೆಯಿರಿ. ಬುಡದ ಬೆಣೆಗೆ ಚೆನ್ನಾಗಿ ಒಣಗಿದ ಮರವನ್ನೇ ಬಳಸಿ, ಸ್ವಲ್ಪ ಸಡಿಲ ಬಿಟ್ಟು ಮೇಣದಲ್ಲಿ ಕೂರಿಸಿ. ಬಿಗಿಯಾಗಿ ಹೊಡೆದ ಮರ ಮಳೆಗಾಲದಲ್ಲಿ ಉಬ್ಬಿ ಬುಡದಿಂದ ಮೇಲಕ್ಕೆ ಮೂಳೆಯನ್ನು ಸೀಳುತ್ತದೆ. ಒಳಗೆ ಸುರ್ಮಾ ತುಂಬಿ ಬಳಕೆಗೆ ಕೊಡಬೇಡಿ. ಗಲೀನಾದ ಸುರ್ಮಾ ಎಂದರೆ ಸೀಸ, ಮಕ್ಕಳ ಮೈಗೆ ಅದು ವಿಷ.

ಇನ್ನು ಮಾರುಕಟ್ಟೆಯ ‘ಹಳೆಯದು’. ಮೊದಲು ಮೂಳೆಯೇ ಹೌದೋ ನೋಡಿ. ಮೂಳೆಯ ಮೇಲೆ ಉದ್ದಕ್ಕೆ ಸಣ್ಣ ಕಪ್ಪು ಗೀಟು, ಅಡ್ಡ ಕೊಯ್ದ ತುದಿಯಲ್ಲಿ ಸೂಜಿಮೊನೆ ಚುಕ್ಕಿಗಳಿರುತ್ತವೆ. ಆನೆದಂತದಲ್ಲಿ ಇವಿಲ್ಲ, ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಜಾಲವಿರುತ್ತದೆ. ಎರಡೂ ಕಾಣದಿದ್ದರೆ ಪ್ಲಾಸ್ಟಿಕ್ ಅಥವಾ ರಾಳದ ಅಚ್ಚು ಇರಬಹುದು. ಬಿಸಿ ಸೂಜಿ ಚುಚ್ಚುವ ಪರೀಕ್ಷೆ ಬೇಡ, ನಿಜವಾಗಿ ಹಳೆಯದಾಗಿದ್ದರೆ ಅದನ್ನೇ ಹಾಳು ಮಾಡಿದಂತೆ. ಮೂಳೆಯಾದ ಮಾತ್ರಕ್ಕೆ ಹಳೆಯದಲ್ಲ. ರಾಜಸ್ಥಾನದಲ್ಲೂ ಮೊರಾಕ್ಕೊದಲ್ಲೂ ಒಂಟೆಮೂಳೆಯ ಡಬ್ಬಿಗಳನ್ನು ಇವತ್ತಿಗೂ ಮಾಡುತ್ತಾರೆ. ಮೊರಾಕ್ಕೊದವರು ಮದರಂಗಿಯಲ್ಲಿ ಅದ್ದಿ ಕಂದು ಬಣ್ಣವನ್ನೂ ತರಿಸುತ್ತಾರೆ. ಅದನ್ನು ಹೊಸದೆಂದೇ ಮಾರಿದರೆ ತಪ್ಪೇನಿಲ್ಲ.

ಬಣ್ಣ ಹಾಕಿದ್ದರಲ್ಲಿ ಕಂದು ಎಲ್ಲ ಗುಳಿಗಳಲ್ಲೂ ಒಂದೇ ಸಮ ನಿಂತಿರುತ್ತದೆ, ಉಗುರಿನ ಗೀರಿನಡಿ ಹೊಚ್ಚ ಬಿಳಿ ಕಾಣುತ್ತದೆ. ನಿಜವಾದ ಬಳಕೆಯ ಸವಕಳಿ ಬೆರಳು ಹಿಡಿಯುವ ಕಡೆ ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಹಿಡಿದ ಕಡೆಯ ವೃತ್ತಗಳು ಅರ್ಧ ಮಾಸಿ, ಬುಡದವು ಚೂಪಾಗಿಯೇ ಉಳಿದಿರುತ್ತವೆ. ಮಣ್ಣಿನಲ್ಲಿ ಹೂತಿದ್ದ ಮೂಳೆಯ ಮೇಲೆ ಗಿಡದ ಬೇರು ಕೊರೆದ ಕವಲುಕವಲಾದ ಅಂಕುಡೊಂಕು ಗೆರೆಗಳಿರುತ್ತವೆ, ಅವು ಚಿತ್ತಾರವನ್ನೂ ಲೆಕ್ಕಿಸದೆ ಹಾಯುತ್ತವೆ. ನಕಲು ಮಾಡುವವರಿಗೆ ಇದು ಸುಲಭಕ್ಕೆ ಬಾರದು. ಕಂಚಿನ ಕಡ್ಡಿ ಜತೆಗಿದ್ದರೆ ತಾಗಿದಲ್ಲಿ ಹಸಿರು ಕಲೆ ಇಳಿದಿರುತ್ತದೆ. ಎಲ್ಲ ವೃತ್ತಗಳೂ ಸುತ್ತಲೂ ಒಂದೇ ಆಳ, ಅಂಚಿನಲ್ಲಿ ಚೂಪು ಏಣು, ಕೊಯ್ದ ತುದಿಯಲ್ಲಿ ಯಂತ್ರಗರಗಸದ ಸಮಾನಾಂತರ ಗೆರೆಗಳು ಕಂಡರೆ ವ್ಯಾಪಾರಿಗೆ ನಮಸ್ಕಾರ ಹೇಳಿ ಬನ್ನಿ.

ನಿಖರವಾಗಿ ತಿಳಿಯಬೇಕಾದರೆ ಪ್ರಯೋಗಾಲಯಕ್ಕೆ ಹೋಗಬೇಕು. ಚೂರು ಮೂಳೆಯಿಂದ ಕಾರ್ಬನ್-14 ವಿಧಾನದಲ್ಲಿ ಪ್ರಾಣಿ ಸತ್ತ ಕಾಲ ಸಿಗುತ್ತದೆ, ಕೊಲಾಜೆನ್‌ನ ಪ್ರೋಟೀನ್ ಗುರುತಿನಿಂದ ಕುರಿಯೋ ದನವೋ ಒಂಟೆಯೋ ತಿಳಿಯುತ್ತದೆ. ಆದರೆ ಹಳೆಯ ಮೂಳೆಗೆ ಹೊಸ ಕೆತ್ತನೆ ಹಾಕಿದ್ದರೆ ಕಾರ್ಬನ್-14 ಮೋಸ ಹೋಗುತ್ತದೆ, ಅಲ್ಲಿ ಮತ್ತೆ ಹತಾರದ ಗುರುತನ್ನೇ ನೋಡಬೇಕು. ಒಳಗೆ ಕಪ್ಪು ಪುಡಿ ಉಳಿದಿದ್ದರೆ ಕೆರೆಯಬೇಡಿ, ತೊಳೆಯಬೇಡಿ. ಅದರಲ್ಲಿ ಸೀಸ ಇರಬಹುದು, ಡಬ್ಬಿ ಏನಕ್ಕೆ ಬಳಕೆಯಾಯಿತೆಂಬುದಕ್ಕೆ ಸಾಕ್ಷಿಯೂ ಅದೇ.

ಅಸಲಿ ಎಂದು ಖಾತ್ರಿಯಾದರೆ ಕೊಳ್ಳಬಾರದೆಂಬುದೇ ನಮ್ಮ ಸಲಹೆ. ಈಜಿಪ್ಟ್ 1983ರ 117ನೇ ಕಾಯ್ದೆಯಿಂದ ಪ್ರಾಚ್ಯವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿದೆ. ಅದಕ್ಕೂ ಮೊದಲು ದೇಶ ಬಿಟ್ಟದ್ದಕ್ಕೆ ದಾಖಲೆಯಿಲ್ಲದ ಫುಸ್ತಾತ್ ವಸ್ತು ಯಾರ ಕೈಯಲ್ಲಿದ್ದರೂ ತಲೆನೋವು. ಹೊಸದನ್ನು ಹೊಸದೆಂದೇ ಕೊಂಡರೆ ರಸೀದಿಯಲ್ಲಿ ‘ಒಂಟೆಮೂಳೆ’ ಎಂದು ಬರೆಸಿಕೊಳ್ಳಿ. ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಆನೆದಂತದ ವ್ಯಾಪಾರ ನಿಷಿದ್ಧ, ಆಫ್ರಿಕದ ದಂತವೂ ಸೇರಿ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಬಿಳಿ ಡಬ್ಬಿ ಕಂಡು ದಂತವೆಂದು ತಡೆದರೆ, ಆ ರಸೀದಿಯನ್ನೂ ಮೇಲೆ ಹೇಳಿದ ಉದ್ದ ಗೀಟುಗಳನ್ನೂ ತೋರಿಸಿ.